ಜಯನಗರದಿಂದ ವೈಟ್‌ಫೀಲ್ಡಿಗೆ, ಸಿಂಗಪುರದ ಮೇಲೆ

ನನ್ನದೊಂದು ಚಿಕ್ಕ ಸ್ಕ್ರಿಪ್ಟ್ ಇದೆ. ರಾತ್ರಿ ಹೊತ್ತು ಮನೆಯ ಕಂಪ್ಯೂಟರಿನಿಂದ ಆಫೀಸಿನ ಡೇಟಾಬೇಸಿಗೆ ಹೋಗಿ, ಒಂದಾದ ಮೇಲೆ ಒಂದರಂತೆ ಹತ್ತು ಸಾವಿರ ಪುಟ್ಟ ಪ್ರಶ್ನೆ ಕೇಳಿ ಬರುತ್ತದೆ. ಅರ್ಧ ನಿಮಿಷದ ಕೆಲಸ. ಹೋದ ಮಳೆಗಾಲದಲ್ಲಿ ಒಂದು ದಿನ ಅದೇ ಕೆಲಸಕ್ಕೆ ಏಳು ನಿಮಿಷ ಹಿಡಿಯಿತು. ಸ್ಕ್ರಿಪ್ಟ್ ಬದಲಾಗಿಲ್ಲ, ಡೇಟಾ ಹೆಚ್ಚಾಗಿಲ್ಲ, ಸರ್ವರ್ ಸುಮ್ನೆ ಕೂತಿದೆ. ಸರ್ವರಿಗೆ ಹೋಗಿ ಉತ್ತರ ಬರಲು ಎಷ್ಟು ಹೊತ್ತು ಅಂತ ಅಳೆಯುವ ಪಿಂಗ್ ಹಾಕಿ ನೋಡಿದರೆ 41 ಮಿಲಿಸೆಕೆಂಡ್. ಎಂದಿನಂತೆ ಮೂರೋ ನಾಲ್ಕೋ ಬರಬೇಕಿತ್ತು.

ಮನೆ ಇರುವುದು ಜಯನಗರದಲ್ಲಿ. ಸರ್ವರ್ ವೈಟ್‌ಫೀಲ್ಡಿನ ಒಂದು ಡೇಟಾ ಸೆಂಟರಿನಲ್ಲಿ. ನಡುವೆ ಯಾವ ಯಾವ ರೂಟರ್ ದಾಟುತ್ತದೆ ಅಂತ ಸಾಲುಸಾಲಾಗಿ ತೋರಿಸುವ ಟ್ರೇಸ್‌ರೂಟ್ ಓಡಿಸಿದೆ. ಮೊದಲ ಮೂರು ಸಾಲು ಬೆಂಗಳೂರು, ನಾಲ್ಕು ಮತ್ತು ಐದನೆಯದು ಚೆನ್ನೈ, ಆರನೆಯ ರೂಟರಿನ ಹೆಸರಿನ ಮಧ್ಯೆ ಎಸ್ಐಎನ್ ಅಂತ ಮೂರಕ್ಷರ. ನೆಟ್‌ವರ್ಕಿನವರು ರೂಟರಿಗೆ ಹೆಸರಿಡುವಾಗ ಹೆಚ್ಚಾಗಿ ಊರಿನ ವಿಮಾನ ನಿಲ್ದಾಣದ ಕೋಡ್ ಸೇರಿಸುತ್ತಾರೆ. ಇದು ಸಿಂಗಪುರದ್ದು. ಆ ಸಾಲಿನ ಮುಂದೆ 38 ಮಿಲಿಸೆಕೆಂಡ್. ಆಮೇಲೆ ಮತ್ತೆ ಚೆನ್ನೈ, ಮತ್ತೆ ಬೆಂಗಳೂರು, ಕೊನೆಗೆ ನಮ್ಮ ಸರ್ವರ್. ಇಪ್ಪತ್ತು ಕಿಲೋಮೀಟರ್ ದೂರಕ್ಕೆ ಸಮುದ್ರ ದಾಟಿ ಹೋಗಿ, ಸಮುದ್ರ ದಾಟಿ ವಾಪಸ್ ಬರುತ್ತಿತ್ತು ನನ್ನ ಪ್ಯಾಕೆಟ್, ಅಂದರೆ ಡೇಟಾದ ಪುಟ್ಟ ಕಟ್ಟು. ಅದೂ ಹತ್ತು ಸಾವಿರ ಸಲ.

ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗ ಪಾಪ ತಾಳ್ಮೆಯಿಂದ ಕೇಳಿದ. "ಸಾರ್, ಸ್ಪೀಡ್ ಟೆಸ್ಟಲ್ಲಿ ನೂರು ಬರ್ತಾ ಇದೆ ಅಲ್ವಾ? ಹಾಗಿದ್ರೆ ನಮ್ ಕಡೆಯಿಂದ ಏನೂ ಪ್ರಾಬ್ಲಮ್ ಇಲ್ಲ ಸಾರ್. ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ." ಅವನದೇನೂ ತಪ್ಪಿಲ್ಲ. ಅವನ ಮುಂದಿನ ಸ್ಕ್ರೀನಿನಲ್ಲಿ ಕಾಣುವುದೇ ಅಷ್ಟು.

ನಮ್ಮಲ್ಲಿ ಹೆಚ್ಚಿನವರು ರೂಟರ್ ಅಂದರೆ ಮೊಬೈಲಿನ ಮ್ಯಾಪ್ ಇದ್ದ ಹಾಗೆ ಅಂದುಕೊಂಡಿರುತ್ತೇವೆ. ಎಲ್ಲ ರಸ್ತೆ ಗೊತ್ತು, ಸಿಲ್ಕ್ ಬೋರ್ಡಿನಲ್ಲಿ ಜಾಮ್ ಆಗಿದ್ದರೆ ಅದೂ ಗೊತ್ತು, ಬೇಗ ಮುಟ್ಟುವ ದಾರಿ ಆರಿಸಿ ಕೊಡುತ್ತದೆ ಅಂತ. ಹಾಗಿಲ್ಲ. ಇಂಟರ್ನೆಟ್ಟಿನ ದೊಡ್ಡ ರೂಟರಿಗೆ ಜಾಮ್ ಕಾಣುವುದಿಲ್ಲ, ದೂರ ಕಾಣುವುದಿಲ್ಲ, ಮಿಲಿಸೆಕೆಂಡಂತೂ ಕಾಣುವುದೇ ಇಲ್ಲ. ಅಕ್ಕಪಕ್ಕದ ರೂಟರುಗಳು "ಈ ವಿಳಾಸಕ್ಕೆ ನನ್ನ ಮೂಲಕ ಹೋಗಬಹುದು" ಅಂತ ಹೇಳಿದ ಮಾತುಗಳ ಪಟ್ಟಿಯೊಂದು ಅದರ ಹತ್ತಿರ ಇರುತ್ತದೆ, ಅಷ್ಟೇ. ಈಗ ಐಪಿವಿ4 ಅನ್ನುವ ಹಳೆಯ ವಿಳಾಸ ಪದ್ಧತಿ ಒಂದರಲ್ಲೇ ಆ ಪಟ್ಟಿ ಸುಮಾರು ಹತ್ತು ಲಕ್ಷ ಸಾಲಿನಷ್ಟು ಉದ್ದ. ಒಂದೇ ಊರಿಗೆ ನಾಲ್ಕು ಜನ ನಾಲ್ಕು ದಾರಿ ಹೇಳಿದಾಗ ಯಾರ ಮಾತು ಕೇಳಬೇಕು ಅನ್ನುವುದಕ್ಕೆ ಅದರದ್ದೇ ಒಂದಿಷ್ಟು ಕಟ್ಟಳೆ ಇದೆ. ಅದರಲ್ಲಿ "ಬೇಗ ಮುಟ್ಟುವುದು ಯಾವುದು" ಅನ್ನುವ ಪ್ರಶ್ನೆಯೇ ಇಲ್ಲ.

ಮೊದಲ ಕಟ್ಟಳೆ ಉಳಿದೆಲ್ಲಕ್ಕಿಂತ ಮೇಲಿನದು. ನೀವು ಶಿರಸಿಯ ಮಾರಿಕಾಂಬಾ ಗುಡಿಗೆ ಹೊರಟಿದ್ದೀರಿ ಅನ್ನಿ. ಒಂದು ಕೂಡುರಸ್ತೆಯಲ್ಲಿ ಮೂರು ಬೋರ್ಡು. ಒಂದರಲ್ಲಿ "ಉತ್ತರ ಕನ್ನಡ ಜಿಲ್ಲೆ", ಇನ್ನೊಂದರಲ್ಲಿ "ಶಿರಸಿ ತಾಲ್ಲೂಕು", ಮೂರನೆಯದರಲ್ಲಿ "ಮಾರಿಕಾಂಬಾ ದೇವಸ್ಥಾನ". ರೂಟರ್ ಆದರೆ ಕಣ್ಣುಮುಚ್ಚಿ ಮೂರನೆಯದನ್ನೇ ಹಿಡಿಯುತ್ತದೆ. ಆ ರಸ್ತೆ ಗುಂಡಿ ಬಿದ್ದಿರಲಿ, ಊರೆಲ್ಲ ಸುತ್ತಿಸಲಿ, ಬೋರ್ಡನ್ನು ಯಾರೋ ಪೋಕರಿ ಬೇಕಂತಲೇ ತಿರುಗಿಸಿಟ್ಟಿರಲಿ, ಕೇಳುವುದಿಲ್ಲ. ಯಾವ ಬೋರ್ಡು ಹೆಚ್ಚು ನಿಖರವೋ ಅದೇ ಗೆಲ್ಲುತ್ತದೆ. ಐಪಿ ವಿಳಾಸದಲ್ಲಿ ಈ ನಿಖರತೆಯನ್ನು ಗೆರೆ ಹಾಕಿ ಒಂದು ಸಂಖ್ಯೆ ಬರೆದು ತೋರಿಸುತ್ತಾರೆ. /22 ಅಂದರೆ 1,024 ವಿಳಾಸದ ಗುಂಪು, /24 ಅಂದರೆ 256ರದ್ದು, /25 ಅಂದರೆ 128ರದ್ದು. ಸಂಖ್ಯೆ ದೊಡ್ಡದಾದಷ್ಟೂ ಗುಂಪು ಚಿಕ್ಕದು, ಗುಂಪು ಚಿಕ್ಕದಾದಷ್ಟೂ ಅದರ ಮಾತಿಗೆ ಬೆಲೆ ಜಾಸ್ತಿ.

ಈ ಒಂದು ಕಟ್ಟಳೆಯಿಂದ ಏನಾಗಬಹುದು ಅಂತ ಇಡೀ ಜಗತ್ತಿಗೆ ಗೊತ್ತಾಗಿದ್ದು 2008ರ ಫೆಬ್ರವರಿಯಲ್ಲಿ. ಯೂಟ್ಯೂಬನ್ನು ತಡೆಯಿರಿ ಅಂತ ಪಾಕಿಸ್ತಾನದ ಸರ್ಕಾರ ಹೇಳಿತು. ಪಾಕಿಸ್ತಾನ್ ಟೆಲಿಕಾಂ ತನ್ನ ಜಾಲದೊಳಗೆ ಒಂದು ಸುಳ್ಳು ಬೋರ್ಡು ನೆಟ್ಟಿತು. 208.65.153.0/24ಕ್ಕೆ ಹೋಗುವವರೆಲ್ಲ ಈ ಕಡೆ ಬನ್ನಿ ಅಂತ. ಬಂದದ್ದನ್ನೆಲ್ಲ ಅಲ್ಲೇ ಬಿಸಾಕುವುದು ಉದ್ದೇಶ. ಒಳಗಿನವರಿಗೆ ಮಾತ್ರ ಕಾಣಬೇಕಿದ್ದ ಬೋರ್ಡು ಹೊರಗೆ ಹೋಯಿತು. ಅದಕ್ಕೆ ಹೊರಜಗತ್ತಿನ ಸಂಪರ್ಕ ಕೊಡುವ ಮೇಲಿನ ಕಂಪನಿಯಾದ ಹಾಂಗ್‌ಕಾಂಗಿನ ಪಿಸಿಸಿಡಬ್ಲ್ಯು ಅದನ್ನು ಪರೀಕ್ಷೆ ಮಾಡದೆ ಹಾಗೇ ಜಗತ್ತಿಗೆಲ್ಲ ಹಂಚಿತು. ನಮ್ಮ ಗಡಿಯಾರದ ಪ್ರಕಾರ ಅದು 25ನೇ ತಾರೀಖು ನಡುರಾತ್ರಿ 12 ಗಂಟೆ 17 ನಿಮಿಷ. ಯೂಟ್ಯೂಬ್ ತನ್ನ ವಿಳಾಸಗಳನ್ನು /22 ಅಂತ ಹೇಳಿಕೊಂಡಿತ್ತು, ಪಾಕಿಸ್ತಾನದ್ದು /24. ಸ್ಪರ್ಧೆಯೇ ಇಲ್ಲ.

ಮುಂದಿನ ಎರಡು ಗಂಟೆ ಚದುರಂಗದ ಆಟದಂತಿತ್ತು. 1:37ಕ್ಕೆ ಯೂಟ್ಯೂಬ್ ತಾನೂ ಅದೇ /24ನ್ನು ಹೇಳಿಕೊಳ್ಳಲು ಶುರು ಮಾಡಿತು. ಈಗ ಎರಡೂ ಬೋರ್ಡು ಸಮ. ಸಮವಾದಾಗ ಬೇರೆ ಕಟ್ಟಳೆಗಳು ಬರುತ್ತವೆ, ಅದನ್ನು ಮುಂದೆ ಹೇಳುತ್ತೇನೆ. ಹಾಗಾಗಿ ಯೂಟ್ಯೂಬಿಗೆ ಹತ್ತಿರವಿದ್ದ ಜಾಲಗಳು ಯೂಟ್ಯೂಬ್ ಕಡೆ ತಿರುಗಿದವು, ಉಳಿದವು ಪಾಕಿಸ್ತಾನದ ಕಡೆಗೇ ಹೋಗುತ್ತಿದ್ದವು. 1:48ಕ್ಕೆ ಯೂಟ್ಯೂಬ್ ತನ್ನ /24ನ್ನು ಎರಡು ಹೋಳು ಮಾಡಿ ಎರಡು /25 ಬಿಟ್ಟಿತು. ಕೇಳಿಸಿಕೊಂಡ ರೂಟರುಗಳೆಲ್ಲ ತಕ್ಷಣ ತಿರುಗಿದವು. ಆದರೆ ಎಷ್ಟೋ ಜಾಲಗಳು /24ಕ್ಕಿಂತ ಚಿಕ್ಕ ಹೋಳನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಇಲ್ಲದಿದ್ದರೆ ಪಟ್ಟಿ ಇನ್ನೂ ಎಷ್ಟೋ ಉದ್ದ ಆಗುತ್ತಿತ್ತು. ಕೊನೆಗೆ 2:31ಕ್ಕೆ ಪಿಸಿಸಿಡಬ್ಲ್ಯು ಪಾಕಿಸ್ತಾನದ ಎಲ್ಲ ಮಾತನ್ನೂ ವಾಪಸ್ ತೆಗೆದುಕೊಂಡಿತು. ಆಟ ಮುಗಿಯಿತು.

ಇರಲಿ. ಬೋರ್ಡುಗಳು ಸಮ ಆದಾಗ ಏನು? ಆಗ ರೂಟರ್ ನೋಡುವುದು ಹೇಳಿದವರು ಯಾರು ಅಂತ. ಸಿಸ್ಕೊ ಕಂಪನಿಯ ರೂಟರಿನಲ್ಲಿ ಇದಕ್ಕೆ ಅಂಕಗಳಿವೆ, ಕಡಿಮೆ ಇದ್ದಷ್ಟೂ ನಂಬಿಕೆ ಹೆಚ್ಚು. ನೇರ ಕೇಬಲ್ ಚುಚ್ಚಿದ್ದರೆ 0, ಎಂಜಿನಿಯರ್ ಕೈಯಾರೆ ಬರೆದಿದ್ದರೆ 1, ಹೊರಗಿನ ಜಾಲದವರು ಬಿಜಿಪಿ ಅನ್ನುವ, ಕಂಪನಿ ಕಂಪನಿಗಳ ನಡುವಿನ ರೂಟರ್ ಭಾಷೆಯಲ್ಲಿ ಹೇಳಿದ್ದರೆ 20, ಕಂಪನಿಯ ಒಳಗಿನ ರೂಟರ್ ಭಾಷೆಯಾದ ಓಎಸ್‌ಪಿಎಫ್ ಹೇಳಿದ್ದರೆ 110, ಅಂಥದ್ದೇ ಹಳೇ ಕಾಲದ ಆರ್ಐಪಿ ಹೇಳಿದ್ದರೆ 120. ಮನುಷ್ಯ ಬರೆದದ್ದಕ್ಕೆ ಇಷ್ಟೊಂದು ಮರ್ಯಾದೆ ಕೊಟ್ಟಿರುವುದು ನೋಡಿ ನನಗೆ ನಗು ಬರುತ್ತದೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಯಾರೋ ಯಾವಾಗಲೋ ಇಂಥದ್ದೊಂದು ಕೈಬರಹದ ದಾರಿ (ಸ್ಟ್ಯಾಟಿಕ್ ರೂಟ್) ಬರೆದಿಟ್ಟು, ಕೆಲಸ ಬಿಟ್ಟು ಹೋಗಿದ್ದ. ಆ ದಾರಿಯ ಕೇಬಲ್ ನಡುವಿನ ಸ್ವಿಚ್ಚಿನಿಂದ ಆಚೆ ಸತ್ತಿತು. ಸ್ವಿಚ್ಚಿನಿಂದ ಈಚೆ ದೀಪ ಹಸಿರು. ರೂಟರಿಗೆ ಕಾಣುವುದು ಈಚೆಯದು ಮಾತ್ರ. ಪಕ್ಕದಲ್ಲೇ ಓಎಸ್‌ಪಿಎಫ್ ಬೇರೆ ಒಳ್ಳೆಯ ದಾರಿ ಹಿಡಿದು ನಿಂತಿದ್ದರೂ ಅರ್ಧ ದಿನ ಎಲ್ಲವೂ ಆ ಸತ್ತ ದಾರಿಗೇ ಹೋಗಿ ಬೀಳುತ್ತಿತ್ತು.

ಒಂದೇ ಕಂಪನಿಯ ಜಾಲದೊಳಗೆ ಓಎಸ್‌ಪಿಎಫ್ ಮಾಡುವ ಲೆಕ್ಕ ಸಾಕಷ್ಟು ಪ್ರಾಮಾಣಿಕ. ಪ್ರತಿ ರೂಟರಿನ ಹತ್ತಿರ ಇಡೀ ನಕ್ಷೆ ಇರುತ್ತದೆ, ಪ್ರತಿ ತಂತಿಗೂ ಒಂದು ಖರ್ಚು ಬರೆದಿರುತ್ತದೆ, ಒಟ್ಟು ಖರ್ಚು ಕಡಿಮೆ ಬರುವ ದಾರಿ ಹಿಡಿಯುತ್ತದೆ. ಇದರಲ್ಲೂ ಒಂದು ತಮಾಷೆ ಇದೆ. ಸಿಸ್ಕೊದಲ್ಲಿ ಖರ್ಚು ಅಂದರೆ 100 ಎಂಬಿಪಿಎಸ್ಸನ್ನು ತಂತಿಯ ವೇಗದಿಂದ ಭಾಗಿಸಿದ್ದು. ಈ ಲೆಕ್ಕ ಹಾಕಿದ ಕಾಲಕ್ಕೆ 100 ಅಂದರೆ ಭಾರಿ ವೇಗ. ಒಂದಕ್ಕಿಂತ ಕಡಿಮೆ ಖರ್ಚು ಬರೆಯುವ ಹಾಗಿಲ್ಲ. ಹಾಗಾಗಿ ನೀವೇ ಕೈಹಾಕಿ ಬದಲಾಯಿಸದಿದ್ದರೆ 100 ಎಂಬಿಪಿಎಸ್ ತಂತಿಗೂ ಖರ್ಚು 1, ಅದರ ನೂರು ಪಟ್ಟು ವೇಗದ 10 ಜಿಬಿಪಿಎಸ್ ತಂತಿಗೂ 1. ಎತ್ತಿನಗಾಡಿ ರಸ್ತೆಯೂ ಹೈವೇಯೂ ಒಂದೇ ಅಂತ ರೂಟರ್ ಅರ್ಧರ್ಧ ಹಂಚುತ್ತದೆ.

ನಿಜವಾದ ರಾಜಕೀಯ ಶುರುವಾಗುವುದು ಒಂದು ಕಂಪನಿಯ ಗಡಿ ದಾಟಿ ಇನ್ನೊಂದಕ್ಕೆ ಹೋಗುವಾಗ. ಅಲ್ಲಿ ನಡೆಯುವುದು ಬಿಜಿಪಿ ಒಂದೇ. 1989ರ ಜನವರಿಯಲ್ಲಿ ಅಮೆರಿಕದ ಆಸ್ಟಿನ್ ಊರಲ್ಲಿ ನಡೆದ ಒಂದು ಸಭೆಯ ಊಟದ ಹೊತ್ತಿನಲ್ಲಿ ಸಿಸ್ಕೊದ ಕರ್ಕ್ ಲಾಹೀಡ್ ಮತ್ತು ಐಬಿಎಂನ ಯಾಕೊವ್ ರೆಖ್ಟರ್ ಕೈ ಒರೆಸುವ ಕಾಗದದ ಮೇಲೆ ಇದರ ಗೀಟು ಎಳೆದರು. ಆಗ ಇಂಟರ್ನೆಟ್ ಅಂದರೆ ಒಬ್ಬರಿಗೊಬ್ಬರು ಗೊತ್ತಿದ್ದವರ ಸಣ್ಣ ಕೂಟ, ಯಾರೂ ಸುಳ್ಳು ಹೇಳುವುದಿಲ್ಲ ಅನ್ನುವ ನಂಬಿಕೆ ಇತ್ತು. ಆಮೇಲೆ ಬಿಜಿಪಿ ಬೆಳೆದು ನಾಲ್ಕನೇ ಆವೃತ್ತಿಗೆ ಬಂದಿದೆ, ಆದರೆ ಹೇಳಿದ್ದನ್ನು ನಂಬುವ ಗುಣ ಹಾಗೇ ಉಳಿದಿದೆ.

ಬಿಜಿಪಿಯಲ್ಲಿ ಒಂದೇ ಗುಂಪಿಗೆ ನಾಲ್ಕು ದಾರಿ ಬಂದರೆ ಮೊದಲು ನೋಡುವುದು ಲೋಕಲ್ ಪ್ರಿಫರೆನ್ಸ್ ಅನ್ನುವ ಅಂಕ. ಏನೂ ಬರೆಯದಿದ್ದರೆ ಸಾಮಾನ್ಯವಾಗಿ 100. ಹೆಚ್ಚು ಇದ್ದದ್ದು ಗೆಲ್ಲುತ್ತದೆ. ಈ ಅಂಕ ಎಲ್ಲಿಂದಲೂ ಅಳೆದು ಬರುವುದಲ್ಲ, ಆಯಾ ಕಂಪನಿಯ ಎಂಜಿನಿಯರ್ ಬರೆಯುವುದು. ಯಾವುದನ್ನು ನೋಡಿ ಬರೆಯುತ್ತಾನೆ? ದುಡ್ಡು ನೋಡಿ. ನನ್ನ ಗಿರಾಕಿಯ ಮೂಲಕ ಹೋಗುವ ದಾರಿ ಇದ್ದರೆ ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಅಂಕ, ಯಾಕಂದರೆ ಅವನು ನನಗೆ ದುಡ್ಡು ಕೊಡುತ್ತಾನೆ. ಸಮಾನರ ನಡುವೆ ಪುಕ್ಕಟೆ ಕೊಡು-ಕೊಳ್ಳುವುದು ಇದ್ದರೆ ಅದು ಎರಡನೆಯದು. ಮೇಲಿನವನಿಗೆ ನಾನೇ ದುಡ್ಡು ಕೊಡಬೇಕಾದ ದಾರಿ ಕೊನೆಯದು. ಸಂಶೋಧಕರಾದ ಲಿಕ್ಸಿನ್ ಗಾವೊ ಮತ್ತು ಜೆನ್ನಿಫರ್ ರೆಕ್ಸ್‌ಫರ್ಡ್ 2000ದ ಹೊತ್ತಿಗೇ ಒಂದು ಮಾತು ತೋರಿಸಿಕೊಟ್ಟರು. ಎಲ್ಲರೂ ಹೀಗೆ ತಮ್ಮ ತಮ್ಮ ಲಾಭ ನೋಡಿಕೊಂಡು, ಯಾರಿಂದ ಕೇಳಿದ್ದನ್ನು ಯಾರಿಗೆ ಹೇಳಬೇಕು ಅನ್ನುವುದರಲ್ಲೂ ಅದೇ ಲೆಕ್ಕ ಹಿಡಿದರೆ, ದಾರಿಗಳು ಓಲಾಡದೆ ಒಂದು ಕಡೆ ನಿಲ್ಲುತ್ತವೆ. ಸ್ವಾರ್ಥದಿಂದಲೇ ಇಂಟರ್ನೆಟ್ ಗಟ್ಟಿಯಾಗಿದೆ. ಹತ್ತಿರದ ದಾರಿ ಅನ್ನುವುದು ಈ ಲೆಕ್ಕದ ಒಳಗೆ ಬಂದೇ ಇಲ್ಲ.

ಅಂಕ ಸಮ ಆದರೆ ನಡುವೆ ಎಷ್ಟು ಕಂಪನಿಗಳು ಬರುತ್ತವೆ ಅಂತ ಎಣಿಸುತ್ತದೆ. ಯೂಟ್ಯೂಬಿನ /24 ಮತ್ತು ಪಾಕಿಸ್ತಾನದ /24 ನಡುವೆ ಜಗತ್ತು ಹಂಚಿಹೋಗಿದ್ದಕ್ಕೆ ಈ ಎಣಿಕೆಯೇ ದೊಡ್ಡ ಕಾರಣ. ಆದರೆ ಎಣಿಸುವುದು ಕಂಪನಿಗಳನ್ನು, ಕಿಲೋಮೀಟರುಗಳನ್ನಲ್ಲ. ಮುಂಬಯಿಯಿಂದ ನ್ಯೂಯಾರ್ಕಿನವರೆಗೆ ಒಂದೇ ಕಂಪನಿಯ ತಂತಿ ಇದ್ದರೆ ಅದು ಒಂದು ಹೆಜ್ಜೆ. ಬೆಂಗಳೂರಿನ ಒಂದೇ ಕಟ್ಟಡದಲ್ಲಿ ಮೂರು ಚಿಕ್ಕ ಕಂಪನಿ ದಾಟಿದರೆ ಅದು ಮೂರು ಹೆಜ್ಜೆ. ಈ ಎಣಿಕೆಯಲ್ಲಿ ಮೋಸ ಮಾಡುವುದೂ ಉಂಟು. ನನ್ನ ಈ ದಾರಿಗೆ ಜನ ಬರುವುದು ಬೇಡ ಅನ್ನಿಸಿದರೆ ದಾರಿಯ ಪಟ್ಟಿಯಲ್ಲಿ ನನ್ನ ಜಾಲದ ಸಂಖ್ಯೆಯನ್ನೇ ಮೂರು ನಾಲ್ಕು ಸಲ ಬರೆದು ದಾರಿ ಉದ್ದ ಇರುವ ಹಾಗೆ ತೋರಿಸುತ್ತೇನೆ. ಎದುರಿನವನ ಅಂಕದ ಲೆಕ್ಕ ಇದಕ್ಕಿಂತ ಮೊದಲು ಬರುವುದರಿಂದ ಎಷ್ಟೋ ಸಲ ಈ ನಾಟಕವೂ ನಡೆಯುವುದಿಲ್ಲ.

ಅದಾದ ಮೇಲೆ ಇನ್ನೂ ಒಂದೆರಡು ಸಣ್ಣ ಪುಟ್ಟ ಹೋಲಿಕೆ, ಅವನ್ನು ಬಿಡಿ. ಅಲ್ಲೂ ಸಮವಾದರೆ ನನ್ನ ಜಾಲದಿಂದ ಬೇಗ ಹೊರಗೆ ದಾಟಿಸುವ ಬಾಗಿಲು ಯಾವುದೋ ಅದು. ಬಿಸಿ ಬೋಂಡಾ ಕೈಗೆ ಬಂದರೆ ಹೇಗೆ ಪಕ್ಕದವರ ಕೈಗೆ ದಾಟಿಸುತ್ತೇವೋ ಹಾಗೆ. ಮುಂದಿನ ದೂರ ಅವನ ತಂತಿ, ಅವನ ಖರ್ಚು. ನೀವು ಹೋಗುವ ದಾರಿ ಒಂದು, ಉತ್ತರ ಬರುವ ದಾರಿ ಇನ್ನೊಂದು ಆಗುವುದಕ್ಕೆ ದೊಡ್ಡ ಕಾರಣ ಇದು. ಎಲ್ಲವೂ ಸಮ ಬಂದರೆ? ಸಿಸ್ಕೊ ರೂಟರ್ ಆದರೆ ಯಾವ ದಾರಿ ಹಳೆಯದೋ ಅದು. ಅದೂ ಆಗದಿದ್ದರೆ ಯಾವ ರೂಟರಿನ ಐಡಿ ಸಂಖ್ಯೆ ಚಿಕ್ಕದೋ ಅದು. ಇದು ಚೀಟಿ ಎತ್ತಿದ ಹಾಗೆ, ಅದರಲ್ಲಿ ಅರ್ಥ ಹುಡುಕಬೇಡಿ.

ಈ ಲೆಕ್ಕದಲ್ಲಿ ತಂತಿಯ ಮೇಲಿನ ಭಾರ ಎಲ್ಲೂ ಬರಲಿಲ್ಲ ಅಲ್ವಾ? 2025ರ ಸೆಪ್ಟೆಂಬರ್ 6ರಂದು ಜೆಡ್ಡಾ ಹತ್ತಿರ ಕೆಂಪು ಸಮುದ್ರದ ತಳದ ಕೇಬಲ್‌ಗಳು ತುಂಡಾದಾಗ ಅದು ಕಣ್ಣಿಗೆ ಕಂಡಿತು. ಏಷ್ಯಾದಿಂದ ಯುರೋಪಿಗೆ ಹೋಗುವ ಎಸ್‌ಎಂಡಬ್ಲ್ಯು4, ಐಎಂಇಡಬ್ಲ್ಯುಇ ಎರಡೂ ಹೋದವು. ರೂಟರುಗಳು ತಮ್ಮ ಕೆಲಸ ಸರಿಯಾಗಿಯೇ ಮಾಡಿದವು, ಸತ್ತ ದಾರಿ ಬಿಟ್ಟು ಮುಂದಿನ ದಾರಿ ಹಿಡಿದವು. ಆದರೆ ಮುಂದಿನ ದಾರಿಯಲ್ಲಿ ಜಾಗ ಇದೆಯೋ ಇಲ್ಲವೋ ಯಾರೂ ಕೇಳಲಿಲ್ಲ. ಉಳಿದ ಕೇಬಲ್‌ಗಳ ಮೇಲೆ ಎಲ್ಲ ಭಾರ ಬಿತ್ತು, ಇನ್ನು ಕೆಲವರ ಪ್ಯಾಕೆಟ್ಟುಗಳು ಭೂಮಿಯ ಇನ್ನೊಂದು ಮಗ್ಗುಲಿಂದ ಸುತ್ತಿ ಬಂದವು. ಭಾರತ, ಪಾಕಿಸ್ತಾನ, ಯುಎಇಯಲ್ಲಿ ನೆಟ್ ತೆವಳಿತು. ನಮ್ಮ ಜಾಲದ ದಾರಿಯೂ ನಿಧಾನವಾಗಬಹುದು ಅಂತ ಮೈಕ್ರೋಸಾಫ್ಟ್ ತನ್ನ ಗಿರಾಕಿಗಳಿಗೆ ಹೇಳಬೇಕಾಯಿತು. ದುಬೈಯಲ್ಲಿರುವ ನನ್ನ ಅಕ್ಕನ ಮಗ ಆ ವಾರಾಂತ್ಯ ಮಂಗಳೂರಿಗೆ ವಿಡಿಯೋ ಕಾಲ್ ಮಾಡುವುದನ್ನೇ ಬಿಟ್ಟಿದ್ದ.

ಸುಳ್ಳು ಬೋರ್ಡಿನ ಸಮಸ್ಯೆಗೆ ಮಾತ್ರ ಸ್ವಲ್ಪ ಔಷಧಿ ಸಿಕ್ಕಿದೆ. ನಮ್ಮಲ್ಲೂ ಇದು ಆಗಿದೆ. 2015ರ ನವೆಂಬರಿನಲ್ಲಿ ಏರ್‌ಟೆಲ್ ಜಾಲ ಬೇರೆಯವರ 16,000ಕ್ಕೂ ಹೆಚ್ಚು ವಿಳಾಸದ ಗುಂಪುಗಳನ್ನು ತನ್ನದು ಅಂತ ಸಾರಿತು. 2021ರ ಏಪ್ರಿಲಿನಲ್ಲಿ ವೊಡಾಫೋನ್ ಐಡಿಯಾದ ಒಂದು ಜಾಲ 30,000ಕ್ಕೂ ಹೆಚ್ಚು ಗುಂಪುಗಳನ್ನು ಸಾರಿತು. ಇಂಥದ್ದು ಹೆಚ್ಚಾಗಿ ಕಳ್ಳತನವಲ್ಲ, ಕೈತಪ್ಪು. ಇದಕ್ಕೆ ಬಂದ ಔಷಧಿಯ ಹೆಸರು ಆರ್‌ಪಿಕೆಐ. ಪಹಣಿ ಇದ್ದ ಹಾಗೆ ಅನ್ನಿ. ಈ ವಿಳಾಸದ ಗುಂಪು ಇಂಥ ಜಾಲದ್ದು, ಇದನ್ನು ಇಷ್ಟರ ಮಟ್ಟಿಗೆ ಮಾತ್ರ ಹೋಳು ಮಾಡಬಹುದು ಅಂತ ಮಾಲೀಕರು ಸಹಿ ಹಾಕಿ ಇಡುತ್ತಾರೆ. ಭಾರತದಲ್ಲಿ ವಿಳಾಸಗಳನ್ನು ಹಂಚುವ ಐಆರ್‌ಐಎನ್ಎನ್ ಮೂಲಕ ಮಾಡಬಹುದು. ರೂಟರ್ ಬಂದ ಮಾತನ್ನು ಪಹಣಿಯ ಜೊತೆ ಹೋಲಿಸಿ, ತಾಳೆಯಾಗದಿದ್ದರೆ ಸ್ಪರ್ಧೆಗೇ ಸೇರಿಸುವುದಿಲ್ಲ. 2008ರಲ್ಲಿ ಇದಿದ್ದು, ಎಲ್ಲರೂ ಪಾಲಿಸಿದ್ದರೆ, ಪಾಕಿಸ್ತಾನದ /24 ಬಾಗಿಲಲ್ಲೇ ಬೀಳುತ್ತಿತ್ತು. 2024ರ ಮೇ ಹೊತ್ತಿಗೆ ಐಪಿವಿ4 ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಸಾಲುಗಳಿಗೆ ಇಂಥ ಪಹಣಿ ಬಂದಿತ್ತು.

ಆದರೆ ಪಹಣಿಯ ಕಚೇರಿಯ ಬೀಗವೇ ಸಡಿಲ ಇದ್ದರೆ? 2024ರ ಜನವರಿ 3ರಂದು ಸ್ಪೇನಿನ ಆರೆಂಜ್ ಕಂಪನಿಗೆ ಆದದ್ದು ಅದೇ. ಅವರ ನೋಂದಣಿ ಖಾತೆಯ ಪಾಸ್‌ವರ್ಡ್ "ರೈಪ್‌ಅಡ್ಮಿನ್" ಅನ್ನುವ ಒಂದೇ ಪದ, ಎರಡನೇ ಬೀಗ ಇಲ್ಲ. ಒಬ್ಬ ಒಳಗೆ ಹೋಗಿ ಪಹಣಿಯನ್ನೇ ತಿದ್ದಿದ. ಆರೆಂಜ್ ತನ್ನದೇ ವಿಳಾಸ ಹೇಳಿಕೊಂಡರೂ ಅದು ಸುಳ್ಳು ಅಂತ ಶಿಸ್ತಿನ ಜಾಲಗಳೆಲ್ಲ ತಳ್ಳಿಹಾಕಿದವು. ನಿಯಮ ಸರಿಯಾಗಿ ಪಾಲಿಸಿದವರಿಂದಲೇ ಸುಮಾರು ಮೂರು ಗಂಟೆ ಸ್ಪೇನಿನಲ್ಲಿ ನೆಟ್ ಕುಂಟಿತು. ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಪಹಣಿ ನೋಡಿದರೆ ಮಾಲೀಕ ಯಾರು ಅಂತ ಗೊತ್ತಾಗುತ್ತದೆಯೇ ಹೊರತು, ನಡುವಿನ ದಾರಿ ನಿಜವೋ ಸುಳ್ಳೋ ಗೊತ್ತಾಗುವುದಿಲ್ಲ. ಅದಕ್ಕೆ ಎಎಸ್‌ಪಿಎ ಅಂತ ಇನ್ನೊಂದು ವ್ಯವಸ್ಥೆ ಬರುತ್ತಿದೆ. ಎಲ್ಲರೂ ಹಾಕಿಕೊಳ್ಳುವಷ್ಟರಲ್ಲಿ ಎಷ್ಟು ವರ್ಷ ಆಗುತ್ತದೋ.

ನನ್ನ ವಿಷಯದಲ್ಲಿ ಪಹಣಿ ಏನೂ ಮಾಡುತ್ತಿರಲಿಲ್ಲ. ನೆಟ್‌ವರ್ಕಿನಲ್ಲೇ ಕೂದಲು ಬೆಳ್ಳಗಾದ ಗೆಳೆಯನೊಬ್ಬನಿಗೆ ಟ್ರೇಸ್‌ರೂಟ್ ಕಳಿಸಿದೆ. ಅವನು ಮೊದಲು ಹೇಳಿದ್ದು, "ಸಿಂಗಪುರದ ಸಾಲಲ್ಲಿ 38, ಕೊನೇಲಿ ಬರೀ 41. ಹೋಗೋದು ಮಾತ್ರ ಸುತ್ತು ಕಣೋ, ಬರೋದು ಸೀದಾ ಇದೆ. ಎರಡೂ ಸುತ್ತು ಆಗಿದ್ರೆ 76ರ ಹತ್ರ ಬರ್ತಿತ್ತು." ಸರ್ವರಿನಿಂದ ಮನೆ ಕಡೆಗೆ ಟ್ರೇಸ್ ಓಡಿಸಿದೆ. ಐದೇ ಸಾಲು, ಎಲ್ಲವೂ ಬೆಂಗಳೂರು. ಆಮೇಲೆ ಅವನು, ಬೇರೆ ಜಾಲದ ರೂಟರಿನ ಪಟ್ಟಿಯನ್ನು ಹೊರಗಿನವರಿಗೂ ತೋರಿಸುವ ಲುಕಿಂಗ್ ಗ್ಲಾಸಿನಲ್ಲಿ ಇಣುಕಿದ. ಬೆಂಗಳೂರಿನ ಎಕ್ಸ್‌ಚೇಂಜಿನಲ್ಲಿ ನನ್ನ ಇಂಟರ್ನೆಟ್ ಕಂಪನಿಯೂ ಇದೆ, ಡೇಟಾ ಸೆಂಟರಿನವರೂ ಇದ್ದಾರೆ, ಇಬ್ಬರೂ ಅಲ್ಲೇ ಕೈಕೈ ಕೊಡಬಹುದು. ದೇಶದೊಳಗಿನ ಮಾತು ದೇಶದೊಳಗೇ ಮುಗಿಯಲಿ ಅಂತ 2003ರಲ್ಲಿ ನಿಕ್ಸಿ ಸಂಸ್ಥೆ ಶುರುವಾದ ಮೇಲೆ ಇಂಥ ಕೂಡುತಾಣ ಹಲವಾರು ಊರಲ್ಲಿವೆ. ಆದರೆ ಡೇಟಾ ಸೆಂಟರಿನವರು ಎಕ್ಸ್‌ಚೇಂಜಿನಲ್ಲಿ ತಮ್ಮ ವಿಳಾಸವನ್ನು /20 ಅಂತ ಹೇಳಿದ್ದರು. ಅದೇ ಗುಂಪಿನ, ನಮ್ಮ ಸರ್ವರ್ ಇರುವ ಒಂದು /24 ಮಾತ್ರ ಸಿಂಗಪುರದ ಕಡೆಯಿಂದಲೂ ಬರುತ್ತಿತ್ತು.

ಮಾರಿಕಾಂಬಾ ಗುಡಿಯ ಬೋರ್ಡು. ದುಡ್ಡಿನ ಲೆಕ್ಕಕ್ಕೆ ಬರುವ ಮೊದಲೇ ಪಂದ್ಯ ಮುಗಿದಿತ್ತು. ಪುಕ್ಕಟೆ ದಾರಿ ಪಕ್ಕದಲ್ಲೇ ಇಟ್ಟುಕೊಂಡು ನನ್ನ ಇಂಟರ್ನೆಟ್ ಕಂಪನಿ ಕಾಸು ಕೊಟ್ಟು ಸಿಂಗಪುರಕ್ಕೆ ಕಳಿಸುತ್ತಿತ್ತು.

ಡೇಟಾ ಸೆಂಟರಿಗೆ ಟಿಕೆಟ್ ಹಾಕಿದೆವು. ನಾಲ್ಕು ದಿನದ ಮೇಲೆ ಉತ್ತರ ಬಂತು. ತಿಂಗಳ ಹಿಂದೆ ಆ /24ರ ಮೇಲೆ ಯಾರೋ ಕಸದ ಟ್ರಾಫಿಕ್ ಸುರಿದು ದಾಳಿ ಮಾಡಿದ್ದರಂತೆ. ಕಸ ಸೋಸುವ ಕಂಪನಿಯ ಕೇಂದ್ರ ಸಿಂಗಪುರದಲ್ಲಿತ್ತು. ಎಲ್ಲವೂ ಆ ಕಡೆಯಿಂದ ಸೋಸಿಕೊಂಡು ಬರಲಿ ಅಂತ ಬೇಕೆಂದೇ ಆ ಬೋರ್ಡು ನೆಟ್ಟಿದ್ದರು. ದಾಳಿ ಎರಡು ದಿನಕ್ಕೆ ನಿಂತಿತ್ತು. ಬೋರ್ಡು ಕೀಳುವುದು ಮರೆತಿದ್ದರು. ಆ ಸಂಜೆ ಪಿಂಗ್ ಓಡುತ್ತಿದ್ದ ಕಿಟಕಿಯನ್ನು ನೋಡುತ್ತಾ ಕೂತಿದ್ದೆ. 41, 41, 42, 41, ಒಂದು ಸಾಲು ಖಾಲಿ, ಆಮೇಲೆ 3.